ಬಂಡೆಗೆ ಸುರಿದ ಉಪ್ಪು

"ನಾಚಿಕೆ ಆಗಲ್ವಾ ಸಾರ್ ನಿಮಗೆ? ಮೊನ್ನೆ ತಂದ ಕಲ್ಲುಪ್ಪಿನ ಮೂಟೆ ಪೂರ್ತಿ ಬೇಲಿಯಾಚೆಯ ಆ ಬಂಡೆಗೆ ಸುರಿದು ಬಂದಿದ್ದೀರಲ್ಲ!" ಯಮುನಾ ಖಾಲಿ ಗೋಣಿಯನ್ನು ಹೋಂಸ್ಟೇಯ ಅಡುಗೆಮನೆಯ ನೆಲಕ್ಕೆ ಬಿಸಾಡಿದಳು.

"ಮೆಲ್ಲಗೆ ಮಾತಾಡಿ ಯಮುನಕ್ಕಾ, ಗೆಸ್ಟ್‌ಗಳು ಹೊರಗೆ ಕೂತಿದ್ದಾರೆ," ಎಂದ ಮಾಲೀಕ ಅನೀಶ್. "ಕಾಟಿ ನೋಡೋಕೆ ತಾನೆ ಇವರೆಲ್ಲ ಬರೋದು? ಅವು ಬೆಟ್ಟದ ನೆತ್ತಿಯಲ್ಲೇ ನಿಂತ್ರೆ ಯಾರಿಗೆ ಕಾಣ್ತದೆ?"

ವನ್ಯಧಾಮದ ಬೆಟ್ಟ ಹೋಂಸ್ಟೇಯ ಬೇಲಿಗೆ ತಾಗಿಕೊಂಡೇ ಇತ್ತು. ಮೇಲಿನ ಹುಲ್ಲುಗಾವಲಲ್ಲಿ ತಮ್ಮ ಪಾಡಿಗೆ ಮೇಯುತ್ತಿದ್ದ ಕಾಟಿಗಳು, ಅಂದರೆ ಕಾಡುಕೋಣಗಳು, ಉಪ್ಪಿನ ರುಚಿ ಹತ್ತಿದ ಮೇಲೆ ದಿನಾ ಸಂಜೆ ಕೆಳಗಿಳಿಯುತ್ತಿದ್ದವು. ಯಮುನಾ ಮನೆಗೆ ಹೋಗುವ ಕಾಲುದಾರಿ ಆ ಬಂಡೆಯ ಪಕ್ಕದಲ್ಲೇ. ಬೇರೆ ದಾರಿಯಿಲ್ಲ.

"ನಿನ್ನೆ ನಮ್ಮ ಪಕ್ಕದ ಮನೆ ಹೆಂಗಸು ಕಾಟಿ ಕಂಡು ಹೆದರಿ ಓಡಿ ಬಿದ್ದು ಕೈ ಮುರ್ಕೊಂಡಳು, ಗೊತ್ತುಂಟಾ?"

"ಕಾಟಿ ಅವಳನ್ನು ಮುಟ್ಟಿಯೇ ಇಲ್ವಂತಲ್ಲ. ಅವಳೇ ಬಿದ್ದದ್ದು. ಅದು ಹಸು ಇದ್ದ ಹಾಗೆ, ಸುಮ್ಮನೆ ಹೋದ್ರೆ ಏನೂ ಮಾಡಲ್ಲ."

"ಹಸುವಾದ್ರೆ ನಾಳೆಯಿಂದ ನೀವೇ ಹೋಗಿ ಹಾಲು ಕರೆದು ತನ್ನಿ. ಗೆಸ್ಟ್‌ಗಳ ಕಾಫಿಗಾಯ್ತು."

ಅನೀಶ್ ನಕ್ಕುಬಿಟ್ಟ. ಆ ನಗು ಕಂಡು ಅವಳ ಸಿಟ್ಟೂ ಸೋತುಹೋಯಿತು. ಬೆಳಗಿನಿಂದ ರೊಟ್ಟಿ ತಟ್ಟಿ ಭುಜ ಸೆಳೆಯುತ್ತಿತ್ತು. ಇದೇ ಜಗಳವನ್ನು ಎಷ್ಟು ಸಲ ಆಡಿದ್ದಳೋ, ಪ್ರತಿ ಸಲವೂ ಅವನ ಕೊನೆಯ ಮಾತು ಒಂದೇ.

"ಜೀಪಲ್ಲಿ ಬಿಡ್ತೇನೆ ಅಂದೆನಲ್ಲ."

"ಎಲ್ಲುಂಟು ಜೀಪು?"

"ದುಬಾರೆಗೆ ಹೋಗಿದೆ. ಕೂತ್ಕೊಳ್ಳಿ, ಬರ್ತದೆ."

ಯಮುನಾ ಕೂರಲಿಲ್ಲ. ಒಂದು ಸ್ಟೀಲ್ ತಟ್ಟೆ, ಒಂದು ಸೌಟು ಎತ್ತಿಕೊಂಡು ಹೊರಟಳು. ಜಗಲಿಯಲ್ಲಿ ಎಲ್ಲರೂ ಮೊಬೈಲ್ ಹಿಡಿದು ಉಸಿರು ಬಿಗಿಹಿಡಿದಿದ್ದರು. ಬೇಲಿಯಾಚೆ ಐದಾರು ಕಾಟಿಗಳು ಬಂಡೆ ನೆಕ್ಕುತ್ತಿದ್ದವು. ಅವಳ ಕೈಯ ತಟ್ಟೆ ಕಂಡು ಹುಡುಗಿಯೊಬ್ಬಳು ತುಟಿಗೆ ಬೆರಳಿಟ್ಟಳು.

"ಶ್! ಓಡಿಸ್ಬೇಡಿ ಆಂಟಿ, ಪ್ಲೀಸ್. ಇದಕ್ಕೆ ಅಂತಲೇ ಅಷ್ಟು ದೂರದಿಂದ ಬಂದಿದ್ದೀವಿ."

"ನಾನು ಮನೆಗೆ ಹೋಗ್ಬೇಕಮ್ಮಾ," ಎಂದಳು ಯಮುನಾ. ಸೌಟಿನಿಂದ ತಟ್ಟೆಗೆ ಬಾರಿಸಿದಳು.

ಕಾಟಿಗಳು ತಲೆಯೆತ್ತಿದವು. ಬುಸುಗುಟ್ಟಿ, ಒಂದರ ಹಿಂದೊಂದು ಬೆಟ್ಟ ಹತ್ತಿದವು. ಜಗಲಿಯಲ್ಲಿ ಗಲಾಟೆಯೆದ್ದಿತು.

"ಯಮುನಕ್ಕಾ! ನಾಳೆ ಬರಲ್ವಾ? ತಿಂಡಿಗೆ ಎಂತ ಮಾಡೋದು?" ಅನೀಶ್ ಗೇಟಿನವರೆಗೂ ಓಡಿಬಂದ.

ಅವಳು ಬಾರಿಸುತ್ತಲೇ ಹೋದಳು. ಕೈ ಸೋತಾಗ ಸೌಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ತಿರುಗಿ ನೋಡಲಿಲ್ಲ.