ಒಳಪದರದ ಮಾತು

ಲ್ಯಾಬಿನ ಕಂಪ್ಯೂಟರ್ ಪರದೆಯ ಮೇಲೆ ರೋಗಿಯ ವಂಶವಾಹಿಯಲ್ಲಿ ಕಂಡ ಬದಲಾವಣೆಯ ಟಿಪ್ಪಣಿ, ಒಂದರೊಳಗೊಂದು ಪದರವಾಗಿ, ತೆರೆದುಕೊಂಡಿತು. ಹೊರಪದರದಲ್ಲಿ ‘ಅಪಾಯಕಾರಿ’ ಎಂದಿತ್ತು. ಅದರೊಳಗಿನ ಪದರದಲ್ಲಿ ‘ಇಲಿಗಳಿಗೆ ಮಾತ್ರ, ಮನುಷ್ಯರಿಗೆ ತೊಂದರೆಯಿಲ್ಲ’ ಎಂದಿತ್ತು. ಆಸ್ಪತ್ರೆಗೆ ಹೋದ ವರದಿಯಲ್ಲಿ ಹೊರಗಿನ ಮಾತು ಮಾತ್ರ ಉಳಿದಿತ್ತು. ಅದನ್ನು ನಂಬಿ ಇವತ್ತು ಮಧ್ಯಾಹ್ನ ಆ ರೋಗಿಯ ಗರ್ಭಕೋಶ ತೆಗೆಯುವವರಿದ್ದರು.

“ಒಳಗಿನ ಪದರಾನೂ ಉಳಿಸ್ಕೊಳ್ಳೋ ಹಾಗೆ ನಾನು ಪ್ರೋಗ್ರಾಂ ಬರೆದಿದ್ದೆ, ಸಾರ್. ಅದನ್ನ ಕಿತ್ತಿದ್ದು ಯಾರು?” ಲ್ಯಾಬಿನ ಪ್ರೋಗ್ರಾಮರ್ ಹುಡುಗಿ ಕೇಳಿದಳು.

ಲ್ಯಾಬಿನ ಮುಖ್ಯಸ್ಥ ಫೋನಿನ ಮಾತು ಮುಗಿಸಿ, ರಿಸೀವರು ಕೈಯಲ್ಲಿರುವಂತೆಯೇ ಪೆನ್ನಿನ ಮುಚ್ಚಳದಿಂದ ಕಿವಿ ಕೆದಕತೊಡಗಿದ. “ನಾನೇ ಕಣಮ್ಮ. ಹೀಗೆ ಈರುಳ್ಳಿ ಸುಲೀತಾ ಕೂತ್ರೆ ವರದಿ ಒಂದು ಪುಟದಲ್ಲಿ ಮುಗಿಯುತ್ತಾ?” ತುದಿಗೆ ಹತ್ತಿದ ಹಳದಿ ಗುಗ್ಗೆಯನ್ನು ಬೆಳಕಿಗೆ ಹಿಡಿದು ನೋಡಿ, ರಿಸೀವರಿಗೇ ಒರೆಸಿ ಕೆಳಗಿಟ್ಟ. “ಹೋಗಿದ್ದು ಹೋಯ್ತು. ಈಗ ಬಾಯಿಬಿಟ್ರೆ ನಮ್ಮ ಮಾನ ಹರಾಜು. ಅವಳಿಗೆ ಆಗ್ಲೇ ಮೂರು ಮಕ್ಕಳಂತೆ. ಇನ್ನು ಗರ್ಭಕೋಶ ಇಟ್ಕೊಂಡು ಏನು ಮಾಡ್ತಾಳೆ?”

ಹುಡುಗಿ ಕೊಟ್ಟಿಗೆಯ ಸಗಣಿ ಬಾಚಿ ಬೆಳೆದವಳು, ಹುಳ ಬಿದ್ದ ಗೊರಸನ್ನು ಕೈಯಾರೆ ತೊಳೆದವಳು. ಆಗೆಲ್ಲ ಬಾರದ ಓಕರಿಕೆ ಈಗ ಗಂಟಲಿಗೆ ಬಂತು. ಕೋಣೆಯಲ್ಲಿದ್ದದ್ದು ಅದೊಂದೇ ಫೋನು. ರಿಸೀವರನ್ನೆತ್ತಿ ಆಸ್ಪತ್ರೆಯ ನಂಬರು ಒತ್ತಿ, ಒರೆಸಲೂ ನಿಲ್ಲದೆ, ಕಿವಿಗೆ ಹಿಡಿದಳು. ಜಿಗುಟು ತಣ್ಣಗೆ ಕಿವಿಗೆ ಅಂಟಿತು.

“ಡಾಕ್ಟ್ರೇ, ಆಪರೇಷನ್ ನಿಲ್ಸಿ,” ಎಂದಳು. “ವರದೀಲಿ ಅರ್ಧ ಮಾತೇ ಇದೆ. ಉಳಿದದ್ದನ್ನ ಓದ್ತೀನಿ, ಕೇಳಿಸ್ಕೊಳ್ಳಿ.”