ಎಡಗಾಲಿನ ಬೂಟು

"ಮಾವ, ಆ ಡಬ್ಬಿ ಮೇಜಿನ ಮೇಲಿಂದ ತೆಗೀರಿ! ಈ ದೇಶದಲ್ಲಿ ಅಧಿಕಾರಿಗೆ ಉಡುಗೊರೆ ಕೊಟ್ಟರೆ ಜೈಲು," ದುಭಾಷಿಯಾಗಿ ಬಂದಿದ್ದ ಸೊಸೆ ಪಿಸುಗುಟ್ಟಿದಳು. ಬೂಟು ಹೊಲಿಯುವ ಮುದುಕ ಗಡಿಬಿಡಿಯಲ್ಲಿ ಡಬ್ಬಿಯತ್ತ ಕೈ ಚಾಚಿದ. ಹಡಗಿನಲ್ಲಿ ಕಳಿಸಿದ ಸರಕೆಲ್ಲ ಸುಂಕದ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತಿತ್ತು. ಅದನ್ನು ಬಿಡಿಸಿಕೊಡಬೇಕಾದ, ಈಗ ಮೇಜಿನಾಚೆ ಕೂತಿದ್ದ ಸುಂಕದ ಅಧಿಕಾರಿಯ ಮುಂದೆ ಬರಿಗೈಯಲ್ಲಿ ನಿಲ್ಲೋದು ಹೇಗೆ ಅಂತ ತಾನೇ ಒಂದು ಜೊತೆ ಬೂಟು ಹೊಲಿದು ತಂದಿದ್ದ.

ಅಷ್ಟರಲ್ಲಿ ಅವನ ಮೇಲಧಿಕಾರಿ ಒಳಗೆ ಬಂದು ಡಬ್ಬಿ ತೆರೆದಳು. "ಯಾರಿಗೆ ಇದು ಅಂತ ಕೇಳ್ತಿದಾರೆ," ಎಂದಳು ಸೊಸೆ.

"ಸ್ಯಾಂಪಲ್ ಅನ್ನಮ್ಮ, ನಿನ್ನ ಕಾಲಿಗೆ ಬೀಳ್ತೀನಿ!"

ಸೊಸೆ ಹಾಗೇ ಹೇಳಿದಳು. ಸುಂಕದ ಅಧಿಕಾರಿಯೂ ಬೆವರೊರೆಸಿಕೊಂಡು ಹೌದೆಂದು ತಲೆಯಾಡಿಸಿದ.

ಮೇಲಧಿಕಾರಿ ಬೂಟುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಬಲಗಾಲಿನದು ಎಲ್ಲ ಬೂಟುಗಳಂತೆಯೇ ಇತ್ತು. ಎಡಗಾಲಿನದಕ್ಕೆ ಮಾತ್ರ ಹೆಬ್ಬೆರಳಿನ ಬುಡದಲ್ಲಿ ಚರ್ಮ ಅಗಲಿಸಿ, ಒಳಗೆ ಮೆತ್ತೆ ಕೊಟ್ಟು ಹೊಲಿದಿತ್ತು. ಸರಕು ಕೇಳಲು ಬಂದ ಮೊದಲ ದಿನ ಸುಂಕದ ಅಧಿಕಾರಿ ಕುಂಟುತ್ತಾ ಎದುರು ಬಂದಾಗ ಮುದುಕ ಅವನ ಮುಖಕ್ಕಿಂತ ಮೊದಲು ಕಾಲು ನೋಡಿದ್ದ.

ಅವಳು ಬಗ್ಗಿ ಮೇಜಿನ ಕೆಳಗೆ ಇಣುಕಿದಳು. ಅಧಿಕಾರಿ ತನ್ನ ಎಡಗಾಲನ್ನು ಮೆಲ್ಲಗೆ ಕುರ್ಚಿಯಡಿ ಎಳೆದುಕೊಂಡ.