ಕೆಂಪು ತಗಡು

ಹಳ್ಳದ ನೀರಿನ ಮೇಲೆ ಗಾಡಿಯ ಒಂದು ಚಕ್ರ ಮಾತ್ರ ಕಾಣುತ್ತಿತ್ತು. ಗಾಡಿ ಹೊಡೆಯುತ್ತಿದ್ದ ಬೊಮ್ಮಪ್ಪನ ಹೆಣವನ್ನು ದಡದಲ್ಲಿ ಮಲಗಿಸಿ ಕಂಬಳಿ ಹೊದಿಸಿದ್ದರು. ಎತ್ತುಗಳು ಇನ್ನೂ ಸಿಕ್ಕಿರಲಿಲ್ಲ. ಬಡವನಹಳ್ಳಿ ರಸ್ತೆಯ ಮೇಲೆ ಕೆಸರುನೀರು ಮೊಣಕಾಲುದ್ದವೇ ಹರಿಯುತ್ತಿತ್ತು. ಕೆಳಗಿನ ಮೋರಿ ಕೊಚ್ಚಿಹೋಗಿದೆ ಎಂದು ನೋಡಿದವರಿಗೆ ತಿಳಿಯುವ ಹಾಗಿರಲಿಲ್ಲ.

ಓವರ್‌ಸಿಯರ್ ಚಂದ್ರಶೇಖರಯ್ಯ ಸೈಕಲ್ಲಿನಿಂದ ಇಳಿದವರೇ ರಸ್ತೆ ಕೂಲಿ ಓಬಳಯ್ಯನ ಮೇಲೆ ಹರಿಹಾಯ್ದರು.

"ಮೋರಿ ಹೋಗಿ ಮೂರು ದಿನ ಆಯ್ತು. ತಗಡು ನೆಟ್ಟಿದ್ದೀಯೋ ಇಲ್ವೋ? ಇಲ್ಲ ಅಂದ್ರೆ ಕೆಲಸಾನೂ ಹೋಯ್ತು, ಜೈಲೂ ಆಯ್ತು ನಿನಗೆ!"

"ನೆಟ್ಟಿವ್ನಿ ಬುದ್ದಿ. ಅಗೋ, ಅಲ್ನೋಡಿ."

ರಸ್ತೆಯ ಮಗ್ಗುಲಿಗೆ ಕಂಬ, ತುದಿಯಲ್ಲಿ ದುಂಡನೆಯ ಕೆಂಪು ತಗಡು. ನಿಲ್ಲಿ, ಮುಂದೆ ದಾರಿಯಿಲ್ಲ ಎಂಬುದಕ್ಕೆ ಸರ್ಕಾರದ ಗುರುತು. ಕಂಬಕ್ಕೆ ಮಾತ್ರ ಬುಡದಿಂದ ಅರಿಶಿನ ಬಳಿದು ಬೇವಿನ ಸೊಪ್ಪು ಕಟ್ಟಿತ್ತು.

"ಇದೇನೋ ಇದು ವೇಷ?"

"ಮೊದಲ್ನೇ ತಗಡು ನೆಟ್ಟ ದಿನಾನೇ ಮಾಯ ಬುದ್ದಿ. ಯಾರೋ ಕೋಳಿಗೂಡಿಗೆ ಬಾಗ್ಲು ಮಾಡ್ಕೊಂಡವ್ರೆ. ಇನ್ನೊಂದು ಹೋದ್ರೆ ಮನೆಗೆ ಕಳಿಸ್ತೀನಿ ಅಂದ್ರಲ್ಲ ತಾವು, ಅದುಕ್ಕೆ ಇಂಗೆ ಮಾಡ್ಬುಟ್ಟೆ. ಈಗ ಒಬ್ಬನೂ ಮುಟ್ಟಾಕಿಲ್ಲ."

ಬೊಮ್ಮಪ್ಪನ ಹೆಂಡತಿ ಚಿಕ್ಕಕ್ಕ ಹೊಂಗೆ ಕೊಂಬೆ ಹಿಡಿದು ಬದುಕುಳಿದಿದ್ದಳು; ಒದ್ದೆ ಸೀರೆಯಲ್ಲೇ ಹೆಣದ ಪಕ್ಕ ಕೂತಿದ್ದಳು. ಚಂದ್ರಶೇಖರಯ್ಯ ಅವಳ ಕಡೆ ತಿರುಗಿದರು.

"ನೀನೂ ಗಾಡೀಲಿ ಇದ್ದೆಯಲ್ಲಮ್ಮ, ಆ ತಗಡು ಕಾಣಲಿಲ್ವೆ?"

"ಕಾಣ್ದೆ ಏನು ಸ್ವಾಮಿ. ನಮ್ಮ ಯಜಮಾನ್ರು ಗಾಡಿ ನಿಲ್ಸಿ ಇಳಿದ್ರು. ಮೆಟ್ಟು ಬುಟ್ಟು ಕೈ ಮುಗುದ್ರು. ದಾಟ್ಸವ್ವ ತಾಯಿ ಅಂದ್ರು. ಆಮ್ಯಾಕೆ ಎತ್ತು ಹೊಡುದ್ರು."

ಚಂದ್ರಶೇಖರಯ್ಯ ಜೇಬಿನ ಪುಸ್ತಕ ತೆಗೆದು ಎರಡು ಸಾಲು ಬರೆದರು.

"ಗುರುತು ಇದ್ದ ಜಾಗದಲ್ಲೇ ಇದೆ. ನಿಂದೇನೂ ತಪ್ಪಿಲ್ಲ ಬಿಡೋ," ಎಂದು ಸೈಕಲ್ ಹತ್ತಿದರು.

ಚಿಕ್ಕಕ್ಕ ಎದ್ದು ಕಂಬದ ಹತ್ತಿರ ಬಂದಳು. ಹಣೆಯ ಕುಂಕುಮ ಅರ್ಧ ಹಳ್ಳದ ಪಾಲಾಗಿತ್ತು. ತಗಡನ್ನೇ ಬಹಳ ಹೊತ್ತು ನೋಡಿದಳು. ಓಬಳಯ್ಯ ಉಗುರಿನ ಸಂದಿಯಲ್ಲಿ ಇನ್ನೂ ಅರಿಶಿನವಿದ್ದ ಕೈಯನ್ನು ಬೆನ್ನ ಹಿಂದಕ್ಕೆ ಸರಿಸಿದ.

"ಇವ್ಳು ಯಾವಮ್ಮ ಅಣ್ಣ?" ಎಂದಳು. "ಹೆಸ್ರು ಹೇಳು. ಬಯ್ಯಾಕಾದ್ರೂ ಒಂದು ಹೆಸ್ರು ಬೇಡ್ವಾ?"